ಸಾವಿಗೆ ಹೆಸರಿಲ್ಲದ ರಜೆ

ವಿಶಾಖಪಟ್ಟಣದ ಜವಳಿ ಅಂಗಡಿಯಲ್ಲೋ ವಿಜಯವಾಡದ ಉಡುಪಿ ಹೋಟೆಲಿನಲ್ಲೋ ದುಡಿಯುವವರ ರಜೆಯ ಲೆಕ್ಕ ಇರುವುದು ಆಂಧ್ರಪ್ರದೇಶದ 1988ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯಲ್ಲಿ. ಅದನ್ನು ಎಷ್ಟು ತಿರುವಿ ಹಾಕಿದರೂ ‘ಮನೆಯಲ್ಲಿ ಸಾವಾದರೆ ಇಷ್ಟು ದಿನ’ ಎಂಬ ಸಾಲು ಸಿಗುವುದಿಲ್ಲ. ವರ್ಷದಲ್ಲಿ 240 ದಿನ ದುಡಿದವರಿಗೆ 15 ದಿನ ಗಳಿಕೆ ರಜೆ, ಕಾಯಿಲೆಗೆ 12, ಯಾವುದೇ ಸಕಾರಣಕ್ಕೆ 12 ದಿನ ಸಿಎಲ್ (ಸಾಂದರ್ಭಿಕ ರಜೆ). ಮಗಳ ನಾಮಕರಣ, ರೇಷನ್ ಕಾರ್ಡಿನ ಓಡಾಟ, ಅಪ್ಪನ ಸಾವು ಎಲ್ಲಕ್ಕೂ ಆ ಕೊನೆಯ ಹನ್ನೆರಡೇ ಗತಿ.

ಈ ಹನ್ನೆರಡು ಬಂದದ್ದು 1947ರ ಮದ್ರಾಸ್ ಕಾಯ್ದೆಯಿಂದ. ಆಗ ಈ ಎರಡೂ ಊರುಗಳು ಮದ್ರಾಸ್ ಪ್ರಾಂತ್ಯದಲ್ಲಿದ್ದವು. ನಮ್ಮ ಮಂಗಳೂರು, ಬಳ್ಳಾರಿಗಳೂ ಅಲ್ಲೇ. ಆಂಧ್ರ 1966ರಲ್ಲಿ ತನ್ನದೇ ಕಾಯ್ದೆ ಮಾಡಿಕೊಂಡಿತು, 1988ರಲ್ಲಿ ಅದನ್ನೂ ಬದಲಿಸಿತು. ಕಾಯಿಲೆಯ ರಜೆ ಬೇರೆ, ಸಕಾರಣದ ರಜೆ ಬೇರೆ ಎಂಬುದು ಮಾತ್ರ ಉಳಿಯಿತು. ಕರ್ನಾಟಕದ 1961ರ ಕಾಯ್ದೆ ಕಾಯಿಲೆ, ಅಪಘಾತ, ಇತರ ಸಕಾರಣ ಎಲ್ಲವನ್ನೂ ಒಂದೇ 12 ದಿನದೊಳಗೆ ತುರುಕಿತು. ಜ್ವರದಲ್ಲಿ ವಾರ ಮಲಗಿ ಎದ್ದವನಿಗೆ ತಾಯಿಯ ಸಾವಿಗೆ ಉಳಿಯುವುದು ಐದೇ ದಿನ. ಇದರಲ್ಲಿ ನೆರೆಯವರ ಕಾಯ್ದೆ ನಮ್ಮದಕ್ಕಿಂತ ಮೇಲು ಎಂದೇ ಹೇಳಬೇಕು.

ಕಾರ್ಖಾನೆಗಳ ಕಥೆ ಇನ್ನೂ ಬಿಗಿ. 1946ರ ಮಾದರಿ ಸ್ಥಾಯಿ ಆದೇಶಗಳಲ್ಲಿ ವರ್ಷಕ್ಕೆ 10 ದಿನ ಸಿಎಲ್; ಕಾಯಿಲೆಯ ಹೊರತು ಒಮ್ಮೆಗೆ ಮೂರು ದಿನ ಮೀರುವಂತಿರಲಿಲ್ಲ. ವಿಶಾಖಪಟ್ಟಣದಿಂದ ಪ್ರಶಾಂತಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಬಂದು, ಅಲ್ಲಿಂದ ರಾತ್ರಿ ಬಸ್ಸಿನಲ್ಲಿ ಉಡುಪಿ ಸೇರುವಷ್ಟರಲ್ಲೇ ಅದರ ಬಹುಪಾಲು ಮುಗಿದಿರುತ್ತಿತ್ತು. ಹದಿಮೂರನೇ ದಿನದ ಊಟದವರೆಗೆ ನಿಲ್ಲಬೇಕೆಂದರೆ ಸಂಬಳ ಕಡಿತ.

ಹುಟ್ಟಿಗೆ ಕಾನೂನು ಹೀಗೆ ಬೆನ್ನು ತಿರುಗಿಸಲಿಲ್ಲ. 1924ರಲ್ಲಿ ಎನ್.ಎಂ. ಜೋಶಿ ಕೇಂದ್ರ ಶಾಸನಸಭೆಯಲ್ಲಿ ಮಂಡಿಸಿದ ಹೆರಿಗೆ ಮಸೂದೆ ಬಿದ್ದುಹೋಯಿತು, ನಿಜ. ಆದರೆ 1929ರಲ್ಲಿ ಬೊಂಬಾಯಿ, 1934ರಲ್ಲಿ ಮದ್ರಾಸ್, 1937ರಲ್ಲಿ ಮೈಸೂರು ಕಾಯ್ದೆ ತಂದವು. 1961ರಲ್ಲಿ ಅದು ದೇಶದ ಕಾನೂನಾಯಿತು. 2017ರಲ್ಲಿ ಮೊದಲ ಎರಡು ಮಕ್ಕಳಿಗೆ 26 ವಾರ. ಗರ್ಭಪಾತವಾದರೆ ಆರು ವಾರ. ಅಲ್ಲಿಯೂ ಲೆಕ್ಕಕ್ಕೆ ಬಂದದ್ದು ಹೆಣ್ಣಿನ ದೇಹ, ದುಃಖವಲ್ಲ.

ದುಃಖದ ಮಾತು ಬಂದದ್ದು 2022ರ ಸೆಪ್ಟೆಂಬರಿನಲ್ಲಿ. ಹೆರಿಗೆಯಲ್ಲೇ ಅಥವಾ ಹುಟ್ಟಿದ 28 ದಿನದೊಳಗೆ ಮಗುವನ್ನು ಕಳೆದುಕೊಂಡ ಕೇಂದ್ರ ಸರ್ಕಾರಿ ಮಹಿಳಾ ನೌಕರರಿಗೆ 60 ದಿನ ವಿಶೇಷ ರಜೆ ಕೊಟ್ಟ ಆದೇಶ, ತಾಯಿಯ ಮನಸ್ಸಿಗಾಗುವ ಆಘಾತವನ್ನೇ ಕಾರಣವಾಗಿ ಹೇಳಿತು. ದೊಡ್ಡ ಹೆಜ್ಜೆ. ಆದರೆ ಬದುಕಿರುವ ಮಕ್ಕಳು ಎರಡಕ್ಕಿಂತ ಕಡಿಮೆ ಇರಬೇಕು, ಹೆರಿಗೆ ಮಾನ್ಯ ಆಸ್ಪತ್ರೆಯಲ್ಲಾಗಿರಬೇಕು. ತಂದೆಗೆ ಇಲ್ಲಿ ಜಾಗವಿಲ್ಲ. ಅಂಗಡಿಯ ಕೆಲಸದಾಕೆಗಂತೂ ಇಲ್ಲವೇ ಇಲ್ಲ.

ಬ್ರಿಟನ್ 2020ರಿಂದ ಮಗುವನ್ನು ಕಳೆದುಕೊಂಡ ನೌಕರ ಪಾಲಕರಿಗೆ ಎರಡು ವಾರ ಕೊಡುತ್ತಿದೆ. ನ್ಯೂಜಿಲೆಂಡ್ 2021ರಲ್ಲಿ ಸಾವಿನ ರಜೆಯನ್ನು ಗರ್ಭಪಾತಕ್ಕೂ ವಿಸ್ತರಿಸಿತು; ಸಂಗಾತಿಗೂ ಅದು ಸಿಗುತ್ತದೆ. ನಮ್ಮಲ್ಲಿ 2025ರ ನವೆಂಬರ್ 21ರಂದು ಜಾರಿಯಾದ ಹೊಸ ಕಾರ್ಮಿಕ ಸಂಹಿತೆ ಗಳಿಕೆ ರಜೆಗೆ ಬೇಕಾದ ದುಡಿಮೆಯನ್ನು 240ರಿಂದ 180 ದಿನಕ್ಕೆ ಇಳಿಸಿತು. ಸಾವಿನ ಬಗ್ಗೆ ಅದರಲ್ಲೂ ಚಕಾರವಿಲ್ಲ.

ಕಾರ್ಮಿಕ ವಿಷಯ ಸಮವರ್ತಿ ಪಟ್ಟಿಯಲ್ಲಿದೆ, ಹಾಗಾಗಿ ರಾಜ್ಯಗಳೂ ಕಾನೂನು ಮಾಡಬಹುದು. 1988ರ ಕಾಯ್ದೆಗೆ ಹತ್ತು ದಿನದ ಸಾವಿನ ರಜೆ ಸೇರಿಸಲು ಅಮರಾವತಿ ಮೊದಲ ಹೆಜ್ಜೆ ಇಡಬಹುದು, ತನ್ನ 1961ರ ಕಾಯ್ದೆಗೆ ಸೇರಿಸಲು ಬೆಂಗಳೂರೂ ಇಡಬಹುದು. ತನ್ನ ಕಾಯ್ದೆಯನ್ನು ತಿದ್ದುವುದು ಆಂಧ್ರಕ್ಕೆ ಹೊಸದೇನಲ್ಲ: ದಿನದ ದುಡಿಮೆಯ ಮಿತಿಯನ್ನು 10 ಗಂಟೆಗೆ ಏರಿಸಲು 2025ರಲ್ಲಷ್ಟೇ ಅದಕ್ಕೆ ತಿದ್ದುಪಡಿ ತಂದಿದೆ.