ದತ್ತಸಂಚಯದ ಶೂನ್ಯ ಉತ್ತರವೂ ಅದರ ಪರೀಕ್ಷೆಯೂ

ಶಾಸನಗಳ ಸೂಚಿಯನ್ನು ಗಣಕದ ದತ್ತಸಂಚಯದಲ್ಲಿ, ಎಂದರೆ ಡೇಟಾಬೇಸಿನಲ್ಲಿ, ಇರಿಸಿ ಹುಡುಕುವ ಪದ್ಧತಿಯು ಇತಿಹಾಸದ ವಿದ್ಯಾರ್ಥಿಗಳಲ್ಲಿಯೂ ಬಳಕೆಗೆ ಬಂದಿದೆ. ಪೈಥಾನ್ ಭಾಷೆಯಲ್ಲಿ ಕೆಲವೇ ಸಾಲುಗಳನ್ನು ಬರೆದು ಎಸ್‌ಕ್ಯೂಲೈಟ್ ದತ್ತಸಂಚಯವನ್ನು ಪ್ರಶ್ನಿಸಬಹುದು. ಅದಕ್ಕೆ ಬೇಕಾದ ಉಪಕರಣವು 2006ರಲ್ಲಿ ಹೊರಬಂದ 2.5ನೆಯ ಆವೃತ್ತಿಯಿಂದ ಆ ಭಾಷೆಯೊಡನೆಯೇ ದೊರೆಯುತ್ತದೆ. ಪ್ರಶ್ನೆಯ ರಚನೆಯಲ್ಲಿ ತಪ್ಪಿದ್ದರೆ ಯಂತ್ರವೇ ದೋಷವನ್ನು ಸೂಚಿಸುತ್ತದೆ. ಅದನ್ನು ಓದಿ ತಿದ್ದಬಹುದು. ಅಪಾಯವಿರುವುದು ಯಾವ ಸೂಚನೆಯೂ ಇಲ್ಲದೆ ಬರುವ ಶೂನ್ಯ ಉತ್ತರದಲ್ಲಿ. ‘ಬೇಲೂರು’ ಎಂದು ಕೇಳಿದಾಗ ಒಂದು ಸಾಲೂ ಬಾರದಿದ್ದರೆ, ಆ ಊರಿನ ಶಾಸನವೇ ಇಲ್ಲವೆಂದು ಸಂಶೋಧಕನು ಬರೆದುಬಿಡುವ ಸಂಭವವುಂಟು. ಹಾಗೆ ಬರೆಯುವ ಮೊದಲು ಮೂರು ಪರೀಕ್ಷೆಗಳನ್ನು ಅನುಕ್ರಮವಾಗಿ ನಡೆಸತಕ್ಕದ್ದು.

ಮೊದಲನೆಯದಾಗಿ, ನಿಬಂಧನೆಗಳನ್ನೆಲ್ಲ ತೆಗೆದು ಕೋಷ್ಟಕದ ಒಟ್ಟು ಸಾಲುಗಳನ್ನು ಎಣಿಸಬೇಕು. ಎಣಿಕೆಯೇ ಸೊನ್ನೆಯಾದರೆ ದೋಷವು ಪ್ರಶ್ನೆಯದಲ್ಲ. ಸಾಲುಗಳನ್ನು ಸೇರಿಸಿದ ಮೇಲೆ ‘ಕಮಿಟ್’ ಎಂಬ ಆಜ್ಞೆಯನ್ನು ಕೊಡದೆ ಸಂಪರ್ಕವನ್ನು ಮುಚ್ಚಿದರೆ ಸಾಮಾನ್ಯವಾಗಿ ಅವು ಉಳಿಯವು.

ಎರಡನೆಯದಾಗಿ, ನಿಬಂಧನೆಗಳನ್ನು ಒಂದೊಂದಾಗಿ ಮರಳಿ ಸೇರಿಸಿ, ಯಾವುದರಿಂದ ಸಾಲುಗಳು ಮರೆಯಾಗುವುವೆಂಬುದನ್ನು ನೋಡಬೇಕು. ಕಾಲ ತಿಳಿಯದ ಶಾಸನಗಳ ಅಂಕಣವು ‘ನಲ್’ ಆಗಿದ್ದರೆ, ‘1117ನೆಯ ಇಸವಿಯವಲ್ಲದವು’ ಎಂದು ಕೇಳಿದಾಗಲೂ ಅವು ಬಾರವು. ‘ನಲ್’ನೊಡನೆ ಮಾಡಿದ ಹೋಲಿಕೆಯು ನಿಜವೂ ಅಲ್ಲ, ಸುಳ್ಳೂ ಅಲ್ಲ, ಆದುದರಿಂದ ಅಂತಹ ಸಾಲುಗಳನ್ನು ‘ಈಸ್ ನಲ್’ ಎಂದು ಪ್ರತ್ಯೇಕವಾಗಿ ಕೇಳಬೇಕು.

ಮೂರನೆಯದು ಅಕ್ಷರದ ಪರೀಕ್ಷೆ. ಕನ್ನಡಕ್ಕೆ ಇದು ಮುಖ್ಯವಾದುದು. ಯೂನಿಕೋಡಿನಲ್ಲಿ ಏತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು. ಎತ್ವ ಮತ್ತು ದೀರ್ಘಚಿಹ್ನೆಗಳೆಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಎಸ್‌ಕ್ಯೂಲೈಟ್ ಮಾತ್ರ ಬೈಟುಗಳನ್ನು ಹೋಲಿಸುವುದರಿಂದ ಅದಕ್ಕೆ ಅವು ಬೇರೆ ಬೇರೆ ಪದಗಳು. ‘ಲೆಂಗ್ತ್’ ಎಂಬ ಕ್ರಿಯೆಯಿಂದ ‘ಬೇಲೂರು’ ಪದವನ್ನು ಅಳೆದರೆ ಒಂದು ರೂಪಕ್ಕೆ 6, ಇನ್ನೊಂದಕ್ಕೆ 7 ಎಂಬ ಉತ್ತರ ಬರುತ್ತದೆ. ಪೈಥಾನಿನ ‘ಯೂನಿಕೋಡ್‌ಡೇಟಾ’ ಎಂಬ ಭಾಗದಲ್ಲಿರುವ ‘ನಾರ್ಮಲೈಸ್’ ಕ್ರಿಯೆಯಿಂದ ಸಂಗ್ರಹಿಸುವ ಪದವನ್ನೂ ಹುಡುಕುವ ಪದವನ್ನೂ ಎನ್‌ಎಫ್‌ಸಿ ಎಂಬ ಒಂದೇ ರೂಪಕ್ಕೆ ತಂದರೆ ಈ ಭೇದವು ಅಳಿಯುತ್ತದೆ.

ಈ ಮೂರನ್ನೂ ದಾಟಿ ಬಂದ ಶೂನ್ಯವು ಸಹ ‘ಈ ಸೂಚಿಯಲ್ಲಿ ದೊರೆಯಲಿಲ್ಲ’ ಎಂಬುದಕ್ಕಷ್ಟೇ ಪ್ರಮಾಣ. ‘ಶಾಸನವೇ ಇಲ್ಲ’ ಎಂಬುದಕ್ಕಲ್ಲ. ಆದಕಾರಣ ಪ್ರಬಂಧದಲ್ಲಿ ಉತ್ತರದ ಜೊತೆಗೆ, ಕೇಳಿದ ಪ್ರಶ್ನೆಯನ್ನೂ ಒಟ್ಟು ಸಾಲುಗಳ ಸಂಖ್ಯೆಯನ್ನೂ ನಮೂದಿಸುವುದು ಯುಕ್ತ. ಮುಂದೆ ಬರುವ ಓದುಗನು ಆಗ ಅದನ್ನು ತಾನೇ ಪರೀಕ್ಷಿಸಬಲ್ಲನು.