ಪಾಡ್‌ಕಾಸ್ಟ್ ಎಂಬ ಕೇಳುವ ಪತ್ರಿಕೆ

ಪತ್ರಿಕೆಯನ್ನು ಓದಬೇಕಾದರೆ ಕಣ್ಣು ಬೇಕು, ಕೈ ಬೇಕು, ಅಕ್ಷರಜ್ಞಾನವಂತೂ ಬೇಕೇ ಬೇಕು. ನಮ್ಮ ಮಟಮಾರಿಯ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಈ ಮೂರೂ ಒಟ್ಟಿಗೆ ಒದಗುವ ಹೊತ್ತು ಅಪರೂಪವಾದುದು. ಬೆಳಗು ರೊಟ್ಟಿ ಬಡಿಯುವುದರಲ್ಲಿಯೂ, ಹಗಲು ಹತ್ತಿ ಬಿಡಿಸುವುದರಲ್ಲಿಯೂ ಕಳೆದುಹೋಗುತ್ತದೆ. ಆದರೆ ಇಷ್ಟು ಕೆಲಸದ ನಡುವೆಯೂ ಕಿವಿಯೊಂದು ಬಿಡುವಾಗಿರುತ್ತದಷ್ಟೆ. ಆ ಕಿವಿಗೆ ತಕ್ಕ ಪತ್ರಿಕೆಯೊಂದು ಈಗ ಲೋಕದಲ್ಲಿ ಪ್ರಚಾರಕ್ಕೆ ಬಂದಿದೆ. ಅದರ ಹೆಸರು ಪಾಡ್‌ಕಾಸ್ಟ್. ಅದು ಹೇಗೆ ನಡೆಯುತ್ತದೆ, ಅದರಿಂದ ನಮಗಾಗುವ ಪ್ರಯೋಜನವೇನು ಎಂಬುದನ್ನು ತಿಳಿದಮಟ್ಟಿಗೆ ಇಲ್ಲಿ ವಿವರಿಸಲೆಳಸುತ್ತೇವೆ.

ಇದು ರೇಡಿಯೋವೇ ಅಲ್ಲವೆ ಎಂದು ವಾಚಕರು ಕೇಳಬಹುದು. ರೇಡಿಯೋ ನಮಗೆ ಹೊಸದಲ್ಲ. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ 30 ವ್ಯಾಟಿನ ಯಂತ್ರವನ್ನಿರಿಸಿಕೊಂಡು 'ಆಕಾಶವಾಣಿ'ಯನ್ನು ನಡೆಸತೊಡಗಿದರು. ಆಗ ನಿಜಾಮರ ಆಳಿಕೆಯಲ್ಲಿದ್ದ ನಮ್ಮ ರಾಯಚೂರು ಸೀಮೆಯ ರಾಜಧಾನಿಯಾದ ಹೈದರಾಬಾದಿನಲ್ಲಿಯೂ ಅದೇ ವರ್ಷ ದಖನ್ ರೇಡಿಯೋ ನುಡಿಯಿತು. ಆದರೆ ರೇಡಿಯೋ ಗಡಿಯಾರಕ್ಕೆ ಕಟ್ಟುಬಿದ್ದುದು. ಅದು ನುಡಿವಾಗ ಒಲೆಯ ಮುಂದಿದ್ದವಳಿಗೆ ದಕ್ಕಿತು, ಹೊಲದಲ್ಲಿದ್ದವಳಿಗೆ ತಪ್ಪಿತು. ಪಾಡ್‌ಕಾಸ್ಟ್ ಹಾಗಲ್ಲ. ಕೇಳುವವಳು ಬಿಡುವಾಗುವವರೆಗೂ ಅದು ಕಾದಿರುತ್ತದೆ. ನಡುವೆ ಕೂಸು ಅತ್ತರೆ ನಿಲ್ಲಿಸಿ, ಮರಳಿ ಅಲ್ಲಿಂದಲೇ ಕೇಳಬಹುದು.

ಇದರ ಒಳಗುಟ್ಟು ಬಹು ಸರಳವಾದುದು. ಮಾತನ್ನು ಮುದ್ರಿಸಿದ ಕಡತವನ್ನು ಅಂತರಜಾಲಕ್ಕೆ ಕೂಡಿದ ಕಂಪ್ಯೂಟರೊಂದರಲ್ಲಿ ಇಟ್ಟಿರುತ್ತಾರೆ. ಅದರ ಜೊತೆಗೆ ಒಂದು ಪಟ್ಟಿ: ಇಂಥ ದಿನ, ಇಂಥ ಮಾತು, ಅದು ಇಂಥ ವಿಳಾಸದಲ್ಲಿದೆ ಎಂದು. ಶಾಲೆಯ ಸೂಚನಾಫಲಕವನ್ನು ನೆನೆದುಕೊಂಡರೆ ಸಾಕು. ನಮ್ಮ ಫೋನಿನಲ್ಲಿರುವ ಆಪ್ ಆಗಾಗ ಹೋಗಿ ಆ ಫಲಕವನ್ನು ಓದಿ, ಹೊಸದೇನಾದರೂ ಇದ್ದರೆ ಹೊತ್ತು ತರುತ್ತದೆ. ಈ ಪಟ್ಟಿಗೆ ಆರ್‌ಎಸ್‌ಎಸ್ ಎಂದು ಹೆಸರು. ಅದರಲ್ಲಿ ಧ್ವನಿಯ ವಿಳಾಸವನ್ನೂ ಸೇರಿಸುವ ಏರ್ಪಾಡನ್ನು 2000ದಲ್ಲಿ ಮಾಡಿದವರು ಅಮೆರಿಕದ ಡೇವ್ ವೈನರ್. ಐಪಾಡ್ ಎಂಬ ಹಾಡಿನ ಪೆಟ್ಟಿಗೆಯ ಹೆಸರನ್ನೂ, ಪ್ರಸಾರವೆಂಬರ್ಥದ ಬ್ರಾಡ್‌ಕಾಸ್ಟ್ ಎಂಬುದರ ಬಾಲವನ್ನೂ ಹೊಲಿದು ಪಾಡ್‌ಕಾಸ್ಟ್ ಎಂಬ ಹೆಸರನ್ನು 2004ರಲ್ಲಿ ಬರೆದವರು ಇಂಗ್ಲೆಂಡಿನ ಪತ್ರಕರ್ತ ಬೆನ್ ಹ್ಯಾಮರ್‌ಸ್ಲಿ. ಐಪಾಡಿನ ತಯಾರಿಕೆ 2022ರಲ್ಲಿ ನಿಂತಿತು. ಹೆಸರು ಮಾತ್ರ ಉಳಿಯಿತು. ಪಟ್ಟಿ ಯಾರೊಬ್ಬರ ಸ್ವತ್ತೂ ಅಲ್ಲವಾದುದರಿಂದ ಯಾರಾದರೂ ಬರೆಯಬಹುದು, ಯಾವ ಆಪಾದರೂ ಓದಬಹುದು. ಕೆಲವು ಕಂಪನಿಗಳು ತಮ್ಮ ಆಪಿನಲ್ಲಿಯೇ ಕೇಳಬೇಕೆಂದು ಬೇಲಿ ಹಾಕುವುದುಂಟು. ಅದು ನಮಗೆ ಒಪ್ಪಿಗೆಯಿಲ್ಲ. ಖರ್ಚೂ ಅಲ್ಪವೇ. ಸಾಧಾರಣ ಗುಣಮಟ್ಟದ ಮಾತಿಗೆ ಸೆಕೆಂಡಿಗೆ 64 ಕಿಲೋಬಿಟ್ ಸಾಕಾಗುವುದರಿಂದ ಅರ್ಧ ಗಂಟೆಯ ಸಂಭಾಷಣೆ 14 ಎಂಬಿ ಚಿಲ್ಲರೆಯಲ್ಲಿ ಮುಗಿಯುತ್ತದೆ.

ಕನ್ನಡದಲ್ಲಿ 2018ರಿಂದ ಪವನ್ ಶ್ರೀನಾಥ್, ಗಣೇಶ್ ಚಕ್ರವರ್ತಿ ಮೊದಲಾದವರು ನಡೆಸಿಕೊಂಡು ಬಂದ 'ತಲೆ-ಹರಟೆ'ಯ ಹೆಸರನ್ನು ಹಲವರು ಕೇಳಿರಬಹುದು. ಹರಟೆಯೆಂದು ಕರೆದುಕೊಂಡರೂ ಅದರಲ್ಲಿ ಚರಿತ್ರೆ, ವಿಜ್ಞಾನಗಳ ವಿಚಾರವೂ ಬರುತ್ತದೆ. ಸಿನೆಮಾದ ಮಾತು ಈ ಮಾಧ್ಯಮಕ್ಕೆ ವಿಶೇಷವಾಗಿ ಒಗ್ಗಿದೆ. ನೋಡುವ ಕಲೆಯನ್ನು ಕೇಳುವುದೆಂತು ಎಂದು ನಗುವವರು ಒಂದು ಸಂಗತಿಯನ್ನು ನೆನೆಯಲಿ. 1934ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನಾ'ದ ಪ್ರತಿಯೊಂದೂ ಇಂದು ಉಳಿದಿಲ್ಲ. ಅದನ್ನು ಕಂಡವರು ಆಡಿದ ಮಾತನ್ನು ಆಗಲೇ ಯಾರಾದರೂ ಮುದ್ರಿಸಿಟ್ಟಿದ್ದರೆ!

ನಿತ್ಯಜೀವನದ ಮಾತಿಗೂ ನಮ್ಮ ನಾಡಿನಲ್ಲಿ ಮೇಲ್ಪಂಕ್ತಿಯಿದೆ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' ಎಂಬ ಹೆಸರಿನಿಂದ ಊರಿನವರೇ, ಅದರಲ್ಲಿಯೂ ಸ್ವಸಹಾಯ ಸಂಘದ ಹೆಂಗಸರು, ತಮ್ಮ ನೀರು, ಬೆಳೆ, ಆರೋಗ್ಯಗಳ ವಿಷಯವನ್ನು ಮುದ್ರಿಸಿದರು. ಸಂಘಸಂಸ್ಥೆಗಳಿಗೆ ಬಾನುಲಿ ನಡೆಸಲು 2006ರವರೆಗೆ ಅನುಮತಿಯಿರಲಿಲ್ಲ. ಆದುದರಿಂದ ಟೆಲಿವಿಷನ್ನಿನ ತಂತಿಯ ಮೂಲಕವೇ ಆ ಧ್ವನಿಯನ್ನು ಮನೆಮನೆಗೆ ಹರಿಸಿದರು. ಇಂದಿನ ಪಾಡ್‌ಕಾಸ್ಟಿಗೆ ಅಂಥ ಅನುಮತಿಯೂ ಬೇಡ, ತಂತಿಯೂ ಬೇಡ.

ಇದನ್ನೆಲ್ಲ ಕೇಳಿ ನಾವೂ ಒಮ್ಮೆ ಪ್ರಯತ್ನಿಸಿದೆವು. ಊರಿನ ಹುಡುಗಿಯೊಬ್ಬಳನ್ನು ಫೋನಿನ ಮುಂದೆ ಕೂಡಿಸಿ, ಅವಳ ಅಜ್ಜಿ ಮೊದಲು ಸಿನೆಮಾ ನೋಡಿದ ಕಥೆಯನ್ನು ಹೇಳೆಂದೆವು. ಅವಳು ಕಾಗದದಲ್ಲಿ ಬರೆದುಕೊಂಡು ಬಂದು, ಬೆಂಗಳೂರಿನವರ ದನಿಯನ್ನು ಎರವಲು ತಂದು ಓದಿದಳು. ಕೇಳಿದರೆ ಅಜ್ಜಿಯೂ ಇಲ್ಲ, ಕಥೆಯೂ ಇಲ್ಲ. ಕಾಗದವನ್ನು ಇಸಿದುಕೊಂಡೆವು. "ನಮ್ಮ ಮಾತು ಆಡಿದ್ರ ನಗತಾರ್ರಿ" ಎಂದಳು. ನಗುವವರು ನಗಲಿ ಎಂದು ಹೇಳಿ ಅಜ್ಜಿಯನ್ನೇ ಪಕ್ಕಕ್ಕೆ ಕೂಡಿಸಿದ ಮೇಲೆ ಮಾತು ಹರಿಯಿತು: ಬಂಡಿ ಕಟ್ಟಿಕೊಂಡು ಟೆಂಟಿನ ಸಿನೆಮಾಕ್ಕೆ ಹೋದುದು, ಪರದೆಯ ಮೇಲೆ ಮಳೆ ಬಂದಾಗ ಸೆರಗು ಹೊದ್ದುಕೊಂಡುದು. ಶಾಲೆಯ ಬಾಗಿಲು ಕಾಣದ ಆ ಅಜ್ಜಿ ತನ್ನ ದನಿಯನ್ನು ಮೂರು ಬಾರಿ ಹಾಕಿಸಿಕೊಂಡು ಕೇಳಿದಳು.

ಆದರೆ ಮರುದಿನ ತಾನೇ ಹಾಕಿಕೊಳ್ಳಲು ಹೋದಾಗ ಅವಳಿಗೆ ಆಗಲಿಲ್ಲ. ಆಪಿನ ಮುಖದ ತುಂಬ ಇಂಗ್ಲಿಷ್ ಅಕ್ಷರಗಳು. ಕೇಳಲು ಓದು ಬೇಡವೆಂದು ಮೇಲೆ ಹೇಳಿದೆವು. ಕೇಳುವ ಮನೆಯೊಳಗೆ ಹೋಗಲು ಮಾತ್ರ ಓದು ಬೇಕಾಯಿತು! ಈ ಕಾರಣದಿಂದಲೇ ಆಪ್ ರಚನೆಯ ವಿದ್ಯೆ ನಮ್ಮ ಹುಡುಗಿಯರಿಗೂ ಸೇರಬೇಕಾದುದೆಂದು ನಾವು ಬಗೆಯುತ್ತೇವೆ. ಕನ್ನಡ ಲಿಪಿಗೆ ಆಂಡ್ರಾಯ್ಡ್ ಫೋನಿನ ವ್ಯವಸ್ಥೆಯಲ್ಲಿಯೇ ಎಡೆ ಸಿಕ್ಕಿದುದು 2012ರ 4.1ನೆಯ ಆವೃತ್ತಿಯಲ್ಲಿ. ಅಕ್ಷರವೇನೋ ಬಂದಿತು, ಅಕ್ಷರವರಿಯದವಳಿಗೆ ಚಿತ್ರದ ಗುಂಡಿ, ಮುಟ್ಟಿದೊಡನೆ ಹೆಸರು ಹೇಳುವ ದನಿ, ಇವನ್ನು ಯಾರಾದರೂ ಕುಳಿತು ರಚಿಸಬೇಕು. ಆಪ್ ರಚನೆಯ ಪಾಡ್‌ಕಾಸ್ಟುಗಳನ್ನು ಕೇಳಿದಮಾತ್ರಕ್ಕೆ ಆ ವಿದ್ಯೆ ಬಂದುಬಿಡದು. ರೊಟ್ಟಿ ಬಡಿಯುವ ಸಪ್ಪಳ ಕೇಳಿ ರೊಟ್ಟಿ ಕಲಿತವರುಂಟೆ? ಆದರೆ ಆಪು ಕಟ್ಟಿದವರು ತಾವು ಎಡವಿದುದನ್ನು, ಬಳಸುವವರ ಕಷ್ಟ ತಿಳಿಯದೆ ಕೆಟ್ಟುದನ್ನು ತಾವೇ ಹೇಳುವಾಗ ಪಠ್ಯಪುಸ್ತಕದಲ್ಲಿಲ್ಲದ ತಿಳಿವಳಿಕೆ ದೊರೆಯುತ್ತದೆ. ಅದನ್ನು ಕೇಳಿದ ಮೇಲೆ ಕೈಹಚ್ಚಿ ಕಲಿಯಬೇಕಾದುದು ಬೇರೆಯೇ ಇದೆ.

ಸದ್ಯಕ್ಕೆ ಮೊಮ್ಮಗಳು ಫೋನಿನ ಮೊದಲ ಪುಟದಲ್ಲಿಯೇ ಅಜ್ಜಿಯ ಭಾವಚಿತ್ರವನ್ನಿಟ್ಟು, ಅದನ್ನು ಮುಟ್ಟಿದರೆ ಮಾತು ಹೊರಡುವಂತೆ ಮಾಡಿಕೊಟ್ಟಿದ್ದಾಳೆ. ಮುದ್ರಿಸುವವರು ಫ್ಯಾನನ್ನು ನಿಲ್ಲಿಸಿ, ಕಿಟಕಿ ಮುಚ್ಚಿ, ಫೋನನ್ನು ಬಾಯಿಂದ ಒಂದು ಗೇಣು ದೂರದಲ್ಲಿರಿಸಿಕೊಳ್ಳಬೇಕು. ನಾವು ಕಿಟಕಿ ಮುಚ್ಚಲು ಮರೆತಿದ್ದೆವು. ಮುಂಬಯಿ, ಮದರಾಸುಗಳ ಹಳಿಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿದಂದಿನಿಂದ ಈ ದಾರಿಯಲ್ಲಿ ಓಡುತ್ತಿರುವ ರೈಲು ಅಂದೂ ಗುಂತಕಲ್ಲಿನ ಕಡೆಗೆ ಓಡಿತು. ಅಜ್ಜಿಯ ಮಾತಿನ ನಡುವೆ ಅದರ ಕೂಗು ಉದ್ದಕ್ಕೂ ಕೇಳುತ್ತದೆ. ಅದನ್ನು ಕತ್ತರಿಸೋಣವೆಂದರೆ ಅಜ್ಜಿ ಬೇಡವೆಂದಳು.