ಹೇರು ಕುದುರೆಯ ಬೆನ್ನಿನ ಆರೈಕೆ: ಅಂಗೈಯಿಂದ ನೋವನ್ನು ಗುರುತಿಸುವ ಕ್ರಮ



ಸುಗ್ಗಿ ಮುಗಿದು ಹೊಲಗಳು ಬಯಲಾದೊಡನೆ ಕುರಿಗಾರರ ಹಿಂಡುಗಳು ನಮ್ಮ ಗ್ರಾಮಗಳ ಎಲ್ಲೆಯಲ್ಲಿ ಬೀಡುಬಿಡುವುದು ತಮಗೆಲ್ಲ ತಿಳಿದ ಸಂಗತಿಯಾಗಿದೆ. ಹಿಂಡಿನ ಜೊತೆಯಲ್ಲಿ ಒಂದೆರಡು ಹೇರು ಕುದುರೆಗಳೂ ಬರುತ್ತವೆ. ಗುಡಾರದ ಬಟ್ಟೆ, ಪಾತ್ರೆಗಳು, ಜೋಳದ ಚೀಲ, ಕಂಬಳಿ, ನಡೆಯಲಾರದ ಎಳೆಯ ಮರಿಗಳು, ಕೆಲವೊಮ್ಮೆ ಕೋಳಿಗಳು, ಹೀಗೆ ಒಂದು ಸಂಸಾರದ ಸರ್ವಸ್ವವೂ ಆ ಕುದುರೆಯ ಬೆನ್ನ ಮೇಲಿರುತ್ತದೆ. ಕುರಿಗಳಿಗೆ ಲಸಿಕೆ ಹಾಕಿಸುತ್ತೇವೆ, ಆಕಳು ಎಮ್ಮೆಗಳಿಗೆ ಶಿಬಿರ ನಡೆಸುತ್ತೇವೆ. ಕುದುರೆಯ ಮಾತು ನಮ್ಮ ಸಭೆಗಳಲ್ಲಿ ಬರುವುದೇ ಇಲ್ಲ. 2019ರ 20ನೇ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿದ್ದ ಕುದುರೆ ಮತ್ತು ತಟ್ಟುಗಳ ಸಂಖ್ಯೆ ಸುಮಾರು 3.4 ಲಕ್ಷ, 2012ಕ್ಕೆ ಹೋಲಿಸಿದರೆ ಇದು ಶೇಕಡ 45.6ರಷ್ಟು ಕಡಿಮೆ. ಪ್ರಾಣಿ ವಿರಳವಾದಂತೆ ಅದನ್ನು ನೋಡಿಕೊಳ್ಳುವ ತಿಳಿವಳಿಕೆಯೂ ವಿರಳವಾಗುತ್ತದೆ.

ಈ ವಿಷಯದಲ್ಲಿ ನನ್ನ ಅಜ್ಞಾನವೂ ಸಣ್ಣದಾಗಿರಲಿಲ್ಲ. ನಾನು ಓದಿದ್ದು ಸಿವಿಲ್ ಎಂಜಿನಿಯರಿಂಗ್. ತೊಲೆ, ಕಂಬ, ಭಾರ, ಒತ್ತಡಗಳ ಲೆಕ್ಕ ಬಲ್ಲೆನೇ ಹೊರತು ಕುದುರೆಯ ಹತ್ತಿರ ಎಂದೂ ನಿಂತವನಲ್ಲ. ಕಳೆದ ವರ್ಷ ಕೆರೆಯಂಗಳದಲ್ಲಿ ಬೀಡುಬಿಟ್ಟಿದ್ದ ಕುರಿಗಾರರಿಗೂ ಊರಿನ ಕೆಲವರಿಗೂ ನೀರಿನ ವಿಚಾರವಾಗಿ ಮಾತು ಬೆಳೆದು, ಅಲ್ಲಿಗೆ ಹೋಗಬೇಕಾಯಿತು. ಜಗಳ ಅರ್ಧ ಗಂಟೆಯಲ್ಲಿ ತೀರಿತು. ಹೊರಡುವ ವೇಳೆಗೆ ಹಿರಿಯ ಕುರಿಗಾರರೊಬ್ಬರು ತಮ್ಮ ಹೆಣ್ಣು ಕುದುರೆಯನ್ನು ಸಂತೆಯಲ್ಲಿ ಮಾರಿಬಿಡುವ ಮಾತನ್ನು ಆಡುತ್ತಿದ್ದರು. “ಮೊದಲ ಹಿಂಗ ಇರಲಿಲ್ರೀ ಸಾಹೇಬ್ರ. ಈಗ ಹೇರು ಕಂಡ್ರ ಸಾಕು, ಕಚ್ಚಾಕ ಬರತೈತಿ, ಒದೀತೈತಿ. ಹಟಕ್ಕ ಬಿದ್ದೈತಿ” ಎಂದರು. ಹಟ ಬಿಡಿಸಲು ಬಾರುಕೋಲು ಬಳಕೆಯಾದ ಗುರುತೂ ಅದರ ಮೈಮೇಲಿತ್ತು. ಮಾರಿದರೆ ಬರುವ ಹಣಕ್ಕೆ ಇನ್ನೊಂದು ಒಳ್ಳೆಯ ಕುದುರೆ ಸಿಗುವಂತಿರಲಿಲ್ಲ. ಕುದುರೆಯಿಲ್ಲದೆ ಆ ಕುಟುಂಬ ಮುಂದಿನ ಬೀಡಿಗೆ ಸಾಗುವಂತೆಯೂ ಇರಲಿಲ್ಲ.

ಕುರಿಗಳನ್ನು ನೋಡಲು ಬಂದಿದ್ದ ಪಶು ವೈದ್ಯಾಧಿಕಾರಿಗಳು ಕುದುರೆಗೆ ಸೂಜಿ ಮದ್ದು ಕೊಡಲು ಮುಂದಾಗಲಿಲ್ಲ. ಎಡಬದಿಯಿಂದ, ಮೆಲ್ಲನೆ ಮಾತಾಡುತ್ತಾ ಹತ್ತಿರ ಹೋಗಿ, ಕತ್ತಿನ ಮೇಲೆ ಅಂಗೈ ಇಟ್ಟರು. ಕೈಯನ್ನು ಎತ್ತದೆ, ಕೂದಲು ಒರಗಿದ ದಿಕ್ಕಿನಲ್ಲಿಯೇ, ಕತ್ತಿನಿಂದ ಹೆಗಲಿಗೆ, ಹೆಗಲಿನಿಂದ ಬೆನ್ನಿಗೆ ಸರಿಸಿದರು. ಹೆಗಲಿನ ಎಡಬದಿಗೆ ಬಂದಾಗ ನೊಣ ಕೂತಂತೆ ಚರ್ಮ ಅದುರಿತು, ಕಿವಿಗಳು ಹಿಂದಕ್ಕೆ ಬಾಗಿದವು, ಬೆನ್ನು ಕೆಳಕ್ಕೆ ತಗ್ಗಿತು. ನನ್ನ ಕೈಯನ್ನೂ ಅಲ್ಲಿ ಇಡಿಸಿದರು. ಬಲಬದಿಗಿಂತ ಎಡಬದಿ ಬಿಸಿಯಾಗಿತ್ತು. ಒಳಗೆ ಹಗ್ಗದ ಗಂಟಿನಂತೆ ಗಟ್ಟಿಯಾದ ಸ್ನಾಯು ತಾಗಿತು. ಆಗ, ದಿನವೂ ಹೇರು ಕಟ್ಟುವ ಆ ಮನೆಯ ಸೊಸೆ ಹೇಳಿದರು: “ನನಗ ಗೊತ್ತಿತ್ರೀ. ಎಡಕ್ಕ ಹಗ್ಗ ಬಿಗಿಯೂ ಮುಂದ ಅದು ಉಸಿರು ಹಿಡೀತಿತ್ತು.” ಅವರನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ಕುದುರೆಯ ಮೈಕಟ್ಟನ್ನು ಸ್ವಲ್ಪ ತಿಳಿದರೆ ಇದರ ಕಾರಣ ಅರ್ಥವಾಗುತ್ತದೆ. ಮನುಷ್ಯನಿಗೆ ಇರುವಂತೆ ಕುದುರೆಗೆ ಕೊರಳೆಲುಬು ಇಲ್ಲ. ಮುಂಗಾಲುಗಳಿಗೂ ಮುಂಡಕ್ಕೂ ಎಲುಬಿನ ಕೀಲು ಇರುವುದಿಲ್ಲ; ಎದೆಗೂಡು ಎರಡು ಮುಂಗಾಲುಗಳ ನಡುವೆ ಸ್ನಾಯುಗಳ ಜೋಲಿಯಲ್ಲಿ ತೂಗಿದಂತಿರುತ್ತದೆ. ತೂಗುಸೇತುವೆಯನ್ನು ಕಂಡವರಿಗೆ ಈ ರಚನೆ ಹೊಸದೆನಿಸದು. ನಿಂತ ಕುದುರೆಯ ತೂಕದಲ್ಲಿ ಸುಮಾರು ಶೇಕಡ 60ರಷ್ಟು ಮುಂಗಾಲುಗಳ ಮೇಲೆಯೇ ಬೀಳುತ್ತದೆ. ಆದ್ದರಿಂದ ಹೆಗಲಿನ ಒಂದು ಬದಿಯ ಸ್ನಾಯು ನೋವಿನಿಂದ ಬಿಗಿದುಕೊಂಡರೆ ಆ ಬದಿಯ ಮುಂಗಾಲು ಪೂರ್ತಿ ಮುಂದಕ್ಕೆ ಚಾಚುವುದಿಲ್ಲ. ಹೆಜ್ಜೆ ಚಿಕ್ಕದಾಗುತ್ತದೆ, ಇನ್ನೊಂದು ಬದಿಗೆ ಹೆಚ್ಚು ಭಾರ ಬೀಳುತ್ತದೆ, ಕ್ರಮೇಣ ಸೊಂಟವೂ ಬಿಗಿಯುತ್ತದೆ. ಒಂದು ಬದಿಯ ಹಗ್ಗ ಸಡಿಲಿಸಿದರೆ ಇಡೀ ಗುಡಾರ ಓರೆಯಾಗುವುದಿಲ್ಲವೇ, ಹಾಗೆ.

ಅಂಗೈಯಿಂದ ಮಾಡುವ ಕೆಲಸಕ್ಕೆ ಎರಡು ಪ್ರಯೋಜನಗಳಿವೆ. ಮೊದಲನೆಯದು, ನೋವಿರುವ ಜಾಗ ತಿಳಿಯುತ್ತದೆ. ನನ್ನ ಅಭಿಪ್ರಾಯದಲ್ಲಿ ಇದೇ ದೊಡ್ಡದು. ಎರಡನೆಯದು, ಬಿಗಿದ ಸ್ನಾಯು ಸಡಿಲಗೊಂಡು ಪ್ರಾಣಿಗೆ ನೆಮ್ಮದಿಯಾಗುತ್ತದೆ. ಕುದುರೆಗಳು ಪರಸ್ಪರ ಹೆಗಲಿನ ಸಮೀಪದಲ್ಲಿ ಹಲ್ಲಿನಿಂದ ಮೆಲ್ಲನೆ ಕೆರೆದುಕೊಳ್ಳುವುದನ್ನು ತಾವು ನೋಡಿರಬಹುದು. ಅದೇ ಜಾಗವನ್ನು ಮನುಷ್ಯರು ಕೈಯಿಂದ ಕೆರೆದಾಗ ಕುದುರೆಯ ಎದೆಬಡಿತ ಇಳಿಯುತ್ತದೆ ಎಂಬುದನ್ನು ಫ್ರಾನ್ಸಿನ ಕಮಾರ್ಗ್ ತಳಿಯ ಕುದುರೆಗಳ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಮೈ ನೀವುವುದರಿಂದ ನಡಿಗೆ ಸುಧಾರಿಸುತ್ತದೆಂಬ ಬಗ್ಗೆ ನಡೆದ ಅಧ್ಯಯನಗಳು ಚಿಕ್ಕವು. ಎಲ್ಲದರ ಫಲವೂ ಒಂದೇ ಆಗಿಲ್ಲ. ಆದ್ದರಿಂದ ಮಾಲೀಸಿನಿಂದ ಕುಂಟು ವಾಸಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬತಕ್ಕದ್ದಲ್ಲ. ಹಾಗೆಂದು ಇದು ಹೊರಗಿನಿಂದ ಬಂದ ಹೊಸ ವಿದ್ಯೆಯೂ ಅಲ್ಲ. ನಮ್ಮ ಭಾಷೆಯಲ್ಲಿಯೇ ಕೀರ್ತಿವರ್ಮನ ‘ಗೋವೈದ್ಯ’, ಅಭಿನವಚಂದ್ರನ ‘ಅಶ್ವವೈದ್ಯ’ ಎಂಬ ಹಳೆಯ ಕೃತಿಗಳಿವೆ. ಕುದುರೆ ಲಾಯಗಳಲ್ಲಿ ಮಾಲೀಸು ದಿನನಿತ್ಯದ ಕೆಲಸ.

ಕ್ರಮ ಹೀಗಿದೆ. ಕುದುರೆಯನ್ನು ಮೊದಲು ದೂರದಿಂದ ನೋಡಬೇಕು. ಒಂದು ಹಿಂಗಾಲನ್ನು ಸಡಿಲ ಬಿಟ್ಟು ನಿಲ್ಲುವುದು ಸಹಜ ವಿಶ್ರಾಂತಿ. ಮುಂಗಾಲನ್ನು ಮುಂದೆ ಚಾಚಿ ನಿಂತಿದ್ದರೆ ಅಲ್ಲಿ ನೋವಿದೆಯೆಂದು ತಿಳಿಯಬೇಕು. ಕಿವಿ ಹಿಂದಕ್ಕೆ ಬಿಗಿದಿರುವುದು, ಕಣ್ಣು ಅರೆಮುಚ್ಚಿ ಕಣ್ಣಿನ ಮೇಲ್ಭಾಗ ಸೆಟೆದಿರುವುದು, ದವಡೆಯ ಸ್ನಾಯು ಉಬ್ಬಿರುವುದು, ಮೂಗಿನ ಹೊಳ್ಳೆ ಬಿಗಿದಿರುವುದು, ಇವು ಮುಖದಲ್ಲಿ ಕಾಣುವ ನೋವಿನ ಲಕ್ಷಣಗಳು. ನೇರ ಹಿಂದಿನಿಂದ ಎಂದೂ ಹೋಗಬಾರದು. ಹೆಗಲಿನ ಪಕ್ಕದಲ್ಲಿ ನಿಂತು, ಬೆನ್ನೆಲುಬನ್ನು ಬಿಟ್ಟು ಅದರ ಎರಡೂ ಬದಿಯ ಮಾಂಸಖಂಡದ ಮೇಲೆ ಅಂಗೈ ಆಡಿಸಬೇಕು. ಬಿಸಿಯನ್ನು ತಿಳಿಯಲು ಕೈಯ ಹಿಂಬದಿ ಹೆಚ್ಚು ಸೂಕ್ಷ್ಮ. ಎಡಬದಿಯನ್ನು ಬಲಬದಿಯೊಂದಿಗೆ ಹೋಲಿಸದೆ ಯಾವ ತೀರ್ಮಾನಕ್ಕೂ ಬರಬಾರದು.

ನಂತರ ಅಂಗೈಯ ಬುಡದಿಂದ ಮೆಲ್ಲನೆ ಒತ್ತಿ, ಮೂರು ನಾಲ್ಕು ಉಸಿರಿನಷ್ಟು ಹೊತ್ತು ಹಿಡಿದು, ನಿಧಾನವಾಗಿ ಬಿಡಬೇಕು. ಗಟ್ಟಿಯಾದ ಜಾಗದ ಸುತ್ತ ಬೆರಳ ತುದಿಗಳಿಂದ ಸಣ್ಣ ವೃತ್ತಗಳಲ್ಲಿ ನೀವಬೇಕು. ಬಲ ಹಾಕಿದಷ್ಟೂ ಒಳ್ಳೆಯದೆಂಬುದು ತಪ್ಪು. ನೋಯಿಸಿದರೆ ಸ್ನಾಯು ಮತ್ತಷ್ಟು ಬಿಗಿಯುತ್ತದೆ. ಕುದುರೆ ತಲೆ ತಗ್ಗಿಸಿದರೆ, ಬಾಯಿ ಚಪ್ಪರಿಸಿದರೆ, ದೀರ್ಘವಾಗಿ ಉಸಿರು ಬಿಟ್ಟರೆ, ಕೆಳತುಟಿ ಜೋತುಬಿದ್ದರೆ ಕೆಲಸ ಸರಿಯಾಗಿ ನಡೆಯುತ್ತಿದೆ ಎಂದರ್ಥ. ಬಾಲ ಬೀಸುತ್ತಾ ಕಾಲೆತ್ತಿದರೆ ಅಲ್ಲಿಗೇ ನಿಲ್ಲಿಸಬೇಕು. ಕೊನೆಯಲ್ಲಿ ಒಂದು ಹಿಡಿ ಹಸಿ ಹುಲ್ಲನ್ನು ಪಕ್ಕೆಯ ಬಳಿ ಹಿಡಿದು, ಕುದುರೆ ತಾನಾಗಿಯೇ ಕತ್ತು ತಿರುಗಿಸಿ ತಿನ್ನುವಂತೆ ಎರಡೂ ಬದಿಯಲ್ಲಿ ಮಾಡಿಸಬಹುದು. ಇದು ಬಲವಂತವಿಲ್ಲದ ವ್ಯಾಯಾಮ. ಹೇರು ಇಳಿಸಿದ ಮೇಲೆ ಹತ್ತು ನಿಮಿಷ ಸಾಕು.

ಆದರೆ ಭಾರ ಹೇರುವ ಕ್ರಮ ಬದಲಾಗದಿದ್ದರೆ ಸಂಜೆ ನೀವಿದ್ದೆಲ್ಲ ಮರುದಿನ ಬೆಳಿಗ್ಗೆ ವ್ಯರ್ಥವಾಗುತ್ತದೆ. ಇಲ್ಲಿ ನನ್ನ ಲೆಕ್ಕ ಉಪಯೋಗಕ್ಕೆ ಬಂತು. 70 ಕಿಲೋ ಭಾರವು ಬೆನ್ನೆಲುಬಿನ ಎರಡೂ ಬದಿಗೆ ತಲಾ 30 ಸೆಂಟಿಮೀಟರ್ ಅಗಲ, 50 ಸೆಂಟಿಮೀಟರ್ ಉದ್ದದ ಮೆತ್ತೆಯ ಮೇಲೆ ಸಮನಾಗಿ ಕುಳಿತರೆ, ಪ್ರತಿ ಚದರ ಸೆಂಟಿಮೀಟರಿಗೆ ಬೀಳುವುದು ಸುಮಾರು 23 ಗ್ರಾಂ. ಗೋಣಿಚೀಲ ಸುಕ್ಕುಗಟ್ಟಿ, ಅದೇ ಭಾರ ಬದಿಗೊಂದರಂತೆ 3 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ಉದ್ದದ ಹಗ್ಗದ ಪಟ್ಟಿಯ ಮೇಲೆ ನಿಂತರೆ ಅದು ಸುಮಾರು 580 ಗ್ರಾಂ ಆಗುತ್ತದೆ. ಭಾರ ಅದೇ, ಒತ್ತಡ ಇಪ್ಪತ್ತೈದು ಪಟ್ಟು. ಅಂಥ ಒತ್ತಡದಲ್ಲಿ ಚರ್ಮದ ಸಣ್ಣ ರಕ್ತನಾಳಗಳು ಅದುಮಿ ಹೋಗಿ, ಮೊದಲು ಬಾವು, ಆಮೇಲೆ ಹುಣ್ಣು. ಕುದುರೆಯ ಬೆನ್ನಿನಲ್ಲಿ ಹೇರು ಕೂರುವ ಜಾಗದಲ್ಲಿ ಬಿಳಿಯ ಕೂದಲಿನ ಮಚ್ಚೆಗಳಿದ್ದರೆ ಅವು ಹುಟ್ಟಿನಿಂದ ಬಂದವೆಂದು ಭಾವಿಸಬಾರದು. ಹಳೆಯ ಗಾಯ ಮಾಗಿದ ಮೇಲೆ ಕೂದಲು ಹಾಗೆ ಬೆಳೆಯುತ್ತದೆ. ಆ ಹೆಣ್ಣು ಕುದುರೆಗೆ ಅಂತಹ ಮೂರು ಮಚ್ಚೆಗಳಿದ್ದವು.

ಪರಿಹಾರ ದುಬಾರಿಯದಲ್ಲ. ಹಳೆಯ ಕಂಬಳಿಯ ಪದರಗಳಲ್ಲಿ ಎರಡು ಮೆತ್ತೆ ಹೊಲಿದು, ನಡುವೆ ಬೆನ್ನೆಲುಬಿಗೆ ತಾಗದಂತೆ ಕಾಲುವೆಯಷ್ಟು ಜಾಗ ಬಿಡಲಾಯಿತು. ಎರಡೂ ಬದಿಯ ಗಂಟುಗಳನ್ನು ಕೈಯಲ್ಲಿ ಎತ್ತಿ ತೂಕ ಸರಿದೂಗಿಸಲಾಯಿತು. ಬಾವು ಇಳಿಯುವವರೆಗೆ ಆ ಕುದುರೆಯ ಹೇರನ್ನು ಪಕ್ಕದ ಗುಡಾರದವರ ಕುದುರೆಗಳು ಹಂಚಿಕೊಂಡವು. ಸೊಸೆ ದಿನಕ್ಕೆರಡು ಬಾರಿ ಮೈ ನೀವಿದರು. ಬಿಸಿಯಿದ್ದ ಜಾಗವನ್ನು ಮುಟ್ಟದೆ ಅದರ ಸುತ್ತ ಮಾತ್ರ.

ಸುಧಾರಣೆಯನ್ನು ಅಳೆಯಲು ವೈದ್ಯಾಧಿಕಾರಿಗಳು ಹೇಳಿಕೊಟ್ಟ ವಿಧಾನ ನನಗೆ ಬಹಳ ಹಿಡಿಸಿತು. ಧೂಳಿನ ದಾರಿಯಲ್ಲಿ ಕುದುರೆಯನ್ನು ನೇರವಾಗಿ ನಡೆಸಿ ಗೊರಸಿನ ಗುರುತು ನೋಡುವುದು. ಸರಾಗವಾಗಿ ನಡೆಯುವ ಕುದುರೆಯ ಹಿಂಗಾಲು ಅದೇ ಬದಿಯ ಮುಂಗಾಲಿನ ಗುರುತಿನ ಮೇಲೆ ಅಥವಾ ಅದನ್ನೂ ದಾಟಿ ಬೀಳುತ್ತದೆ. ಮೊದಲ ದಿನ ಎಡಬದಿಯಲ್ಲಿ ಅದು ಒಂದು ಗೇಣು ಹಿಂದೆ ಬಿದ್ದಿತ್ತು. ಹನ್ನೆರಡನೆಯ ದಿನ ನಾಲ್ಕು ಬೆರಳು. ಇದರಲ್ಲಿ ಮೆತ್ತೆಯ ಪಾಲೆಷ್ಟು, ವಿಶ್ರಾಂತಿಯ ಪಾಲೆಷ್ಟು, ಅಂಗೈಯ ಪಾಲೆಷ್ಟು ಎಂದು ಬೇರ್ಪಡಿಸಿ ಹೇಳಲಾರೆ. ಆದರೆ ಅಂಗೈ ಇಡದಿದ್ದರೆ ಉಳಿದೆರಡೂ ನಡೆಯುತ್ತಿರಲಿಲ್ಲ.

ಕೈ ಮುಟ್ಟಬಾರದ ಸಂದರ್ಭಗಳನ್ನು ಸದಸ್ಯರು ವಿಶೇಷವಾಗಿ ಗಮನಿಸತಕ್ಕದ್ದು. ತೆರೆದ ಗಾಯ, ಹೊಸ ಪೆಟ್ಟು, ಜ್ವರ ಇದ್ದಾಗ ಮೈ ನೀವಬಾರದು. ಕುದುರೆ ಪದೇಪದೇ ಹೊಟ್ಟೆಯತ್ತ ನೋಡುವುದು, ಕಾಲು ಕೆರೆಯುವುದು, ಮಲಗಿ ಹೊರಳಾಡುವುದು ಹೊಟ್ಟೆಶೂಲೆಯ ಲಕ್ಷಣ. ಆಗ ವೈದ್ಯರನ್ನು ಕೂಡಲೇ ಕರೆಯಬೇಕು. ಮೂಗಿನಿಂದ ಕೀವಿನಂಥ ಸ್ರಾವ, ಚರ್ಮದಲ್ಲಿ ಒಡೆಯುವ ಗಂಟುಗಳು ಕಂಡರೆ ಅದು ಗ್ಲಾಂಡರ್ಸ್ ಇರಬಹುದು. ಇದು ಮನುಷ್ಯರಿಗೂ ತಗಲುವ ಮಾರಕ ರೋಗ. ಪ್ರಾಣಿಯನ್ನು ಮುಟ್ಟದೆ, ಬೇರೆ ಕುದುರೆಗಳಿಂದ ದೂರವಿರಿಸಿ, ಪಶು ಆಸ್ಪತ್ರೆಗೆ ತಿಳಿಸುವುದು ಕಡ್ಡಾಯ. ಹುಣ್ಣಿಗೆ ಡೀಸೆಲ್, ಸುಟ್ಟ ಎಂಜಿನ್ ಆಯಿಲ್ ಹಚ್ಚುವ ರೂಢಿ ಇನ್ನೂ ಇದೆ, ಅದನ್ನು ಬಿಡಿಸಬೇಕು. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಎರಡು ಚಹಾ ಚಮಚ ಉಪ್ಪು ಬೆರೆಸಿ ತೊಳೆದು, ವೈದ್ಯರಿಗೆ ತೋರಿಸಬೇಕು. ಕುದುರೆಗಳಿಗೆ ಧನುರ್ವಾಯು ಬಹು ಬೇಗ ತಗಲುವುದರಿಂದ ಚಿಕ್ಕ ಗಾಯವನ್ನೂ ಅಲಕ್ಷಿಸುವಂತಿಲ್ಲ. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962 ಸಂಖ್ಯೆಗೆ ಕರೆ ಮಾಡಬಹುದು.

ಕಾನೂನಿನ ವಿಚಾರ. ಪ್ರಾಣಿ ಹಿಂಸೆ ತಡೆ ಕಾಯ್ದೆ, 1960ರ ಅಡಿಯಲ್ಲಿ ಭಾರ ಎಳೆಯುವ ಮತ್ತು ಹೊರುವ ಪ್ರಾಣಿಗಳಿಗಾಗಿ 1965ರಲ್ಲಿ ರೂಪಿಸಿದ ನಿಯಮಗಳಂತೆ ತಟ್ಟುವಿನ ಮೇಲೆ 70 ಕಿಲೋ, ಕತ್ತೆಯ ಮೇಲೆ 50 ಕಿಲೋಗಿಂತ ಹೆಚ್ಚು ಹೇರುವಂತಿಲ್ಲ. ದಿನಕ್ಕೆ ಒಟ್ಟು 9 ಗಂಟೆ, ವಿರಾಮವಿಲ್ಲದೆ 5 ಗಂಟೆ ಮೀರಿ ದುಡಿಸುವಂತಿಲ್ಲ. ಉಷ್ಣಾಂಶ 37 ಡಿಗ್ರಿ ಸೆಲ್ಸಿಯಸ್ ದಾಟುವಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸುವಂತಿಲ್ಲ. ಕುದುರೆಯ ಜೀನು ಹೆಗಲಿನ ಮೇಲೆ ನೇರವಾಗಿ ಒತ್ತುವಂತೆ ಕಟ್ಟುವುದನ್ನೂ ಇದೇ ನಿಯಮಗಳು ನಿಷೇಧಿಸಿವೆ. ಆದರೆ ಕುರಿಗಾರರ ಬೀಡಿಗೆ ನಿಯಮದ ಪುಸ್ತಕ ಹಿಡಿದು ಹೋದರೆ ಮುಂದಿನ ವರ್ಷ ಅವರು ನಮ್ಮ ಊರನ್ನೇ ಬಳಸಿಕೊಂಡು ಹೋಗುತ್ತಾರೆ. ಹೊಲಕ್ಕೆ ಸಿಗುವ ಕುರಿಗೊಬ್ಬರವೂ ಹೋಗುತ್ತದೆ. ಮೊದಲು ಮೆತ್ತೆ ತೋರಿಸುವುದು ಲೇಸು. ಇಟ್ಟಿಗೆ ಭಟ್ಟಿಯ ಕತ್ತೆಗಳ ಮಾಲೀಕರ ವಿಷಯ ಬೇರೆ. ಅಲ್ಲಿ ನಿಯಮವನ್ನೂ ಹೇಳಬೇಕಾಗಬಹುದು.

ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯತಿಗಳಿಗೆ ವಹಿಸಬಹುದಾದ ವಿಷಯಗಳಲ್ಲಿ ಪಶುಸಂಗೋಪನೆಯೂ ಸೇರಿದೆ. ಹಿಂಡುಗಳು ವಾಡಿಕೆಯಾಗಿ ಇಳಿಯುವ ಜಾಗ ಪ್ರತಿಯೊಂದು ಪಂಚಾಯತಿಗೂ ಗೊತ್ತು. ಅಲ್ಲಿ ನೀರಿನ ತೊಟ್ಟಿ, ಒಂದಿಷ್ಟು ನೆರಳು, ಕುದುರೆ ಹೊರಳಲು ಕಲ್ಲುಮುಳ್ಳಿಲ್ಲದ ಮರಳಿನ ಜಾಗ, ಇಷ್ಟನ್ನು ಕ್ರಿಯಾಯೋಜನೆಯಲ್ಲಿ ಪರಿಶೀಲಿಸಬಹುದು. ಕುದುರೆಯೊಂದಕ್ಕೆ ದಿನಕ್ಕೆ 25ರಿಂದ 40 ಲೀಟರ್ ನೀರು ಬೇಕು. ಬೇಸಿಗೆಯಲ್ಲಿ ದುಡಿಯುವಾಗ ಇನ್ನೂ ಹೆಚ್ಚು. ಹಿಂಡು ಬಂದ ವಾರದೊಳಗೆ ಪಶು ವೈದ್ಯಾಧಿಕಾರಿಗಳನ್ನು ಅರ್ಧ ದಿನಕ್ಕೆ ಆಹ್ವಾನಿಸಿ, ಪಶು ಸಖಿಯರನ್ನು ಜೊತೆಗೆ ಕರೆದೊಯ್ಯಬೇಕು. ಹೇರು ಕಟ್ಟುವವರು ಬಹುಪಾಲು ಮಹಿಳೆಯರಾಗಿರುವುದರಿಂದ ಅವರು ಬಿಡುವಾಗಿರುವ ಸಂಜೆಯ ವೇಳೆಯನ್ನೇ ಆರಿಸಿಕೊಳ್ಳುವುದು ಸೂಕ್ತ. ಬೆಳಿಗ್ಗೆ ಹೋದರೆ ಗಂಡಸರೂ ಕುರಿಗಳೂ ಹೊರಟುಹೋಗಿರುತ್ತಾರೆ, ಹೆಂಗಸರು ಗುಡಾರ ಕೀಳುವ ಆತುರದಲ್ಲಿರುತ್ತಾರೆ. ನಾನು ಮೊದಲ ಸಲ ಮಾಡಿದ ತಪ್ಪು ಅದೇ.

ಆ ಕುಟುಂಬ ಬೀಡು ಎತ್ತಿದ ದಿನ ಹೆಣ್ಣು ಕುದುರೆಯ ಮೇಲೆ ಅರ್ಧ ಹೇರು ಮಾತ್ರ ಇತ್ತು. ಹಗ್ಗ ಬಿಗಿಯುವಾಗ ಅದು ಒಮ್ಮೆ ಕಿವಿ ಹಿಂದಕ್ಕೆ ಮಾಡಿತು; ಸೊಸೆ ಗಂಟು ಬಿಚ್ಚಿ, ಮೆತ್ತೆಯ ಕೆಳಗೆ ಕೈ ಹಾಕಿ ಸುಕ್ಕು ಸರಿಪಡಿಸಿ, ಮತ್ತೆ ಕಟ್ಟಿದರು.